ಬಿದಿರಿನ ಕೊಲೋಸಿಯಂ

"ಒಂದು ಕೂಸೂ ಮ್ಯಾಲ ಹತ್ತಂಗಿಲ್ಲ! ಹತ್ತಿಸಿದವನ ಕಾಲು ಮುರೀತೀನಿ!"

ಕಲ್ಲಪ್ಪ ಕೂಗಿದ ರಭಸಕ್ಕೆ ತಾಲೀಮು ನಿಂತೇಹೋಯಿತು.

"ಮಕ್ಕಳ ಮುಂದೆ ಇದೇನ್ರೀ ಮಾತು?" ಕನ್ನಡ ಸಂಘದ ಕಾರ್ಯದರ್ಶಿ ಶ್ಯಾಮಸುಂದರನೂ ದನಿ ಏರಿಸಿದ. "ಇನ್ನರ್ಧ ಗಂಟೇಲಿ ಅತಿಥಿಗಳು ಬರ್ತಾರೆ. ನಿಮ್ಮದು ಯಾವಾಗ್ಲೂ ಅಡ್ಡಗಾಲೇ!"

ಸದರ್ನ್ ಅವೆನ್ಯೂ ಪಕ್ಕದ ಮೈದಾನದಲ್ಲಿ ಪಾಡಾದ, ಅಂದರೆ ಆ ಬಂಗಾಳಿ ಬಡಾವಣೆಯ, ಕ್ಲಬ್ಬಿನವರು ದುರ್ಗಾಪೂಜೆಗೆಂದು ಬಿದಿರು, ಬಟ್ಟೆಯಲ್ಲಿ ರೋಮಿನ ಕೊಲೋಸಿಯಂ ಕಟ್ಟಿಸಿದ್ದರು. ಪೂಜೆ ಮುಗಿದರೂ ಪೆಂಡಾಲ್ ಬಿಚ್ಚಿರಲಿಲ್ಲ. ಸಂಘದವರು ಅದನ್ನೇ ರಾಜ್ಯೋತ್ಸವಕ್ಕೆ ಕೇಳಿ ಪಡೆದಿದ್ದರು. ಹೊರಗೆ ಮೂರು ಅಂತಸ್ತಿನ ಕಮಾನು, ಒಳಗೆ ಸುತ್ತಲೂ ಏರಿಹೋದ ಮೆಟ್ಟಿಲುಸಾಲು. ಅದರ ಮೇಲೆ ನಲವತ್ತು ಮಕ್ಕಳನ್ನು ಕೂರಿಸಿ ಹಾಡಿಸಬೇಕೆಂದು ಶ್ಯಾಮಸುಂದರನ ಹಠ. ಎರಡು ತಿಂಗಳಿಂದ ಹಾಡು ಕಲಿಸಿದವಳು ಕಲ್ಲಪ್ಪನ ಮಗಳು ಇಂಚರ.

ಕಲ್ಲಪ್ಪ ರೈಲ್ವೆ ಸೇತುವೆಗಳ ತಪಾಸಣೆಯಲ್ಲೇ ಕೂದಲು ನರೆಸಿಕೊಂಡವನು. ಈಗಷ್ಟೇ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗೆ ತೆವಳಿ ಬಂದಿದ್ದ.

"ರೋಮಿನವರು ಪ್ರತಿ ಸಾಲಿನ ಕೆಳಗೂ ಕಲ್ಲು-ಗಾರೆ ಕಮಾನು ಕಟ್ಟಿದ್ರು. ಅಷ್ಟೂ ಮಂದಿ ಭಾರ ಕಮಾನಿನಿಂದ ಕಂಬಕ್ಕ, ಕಂಬದಿಂದ ನೆಲಕ್ಕ ಇಳೀತಿತ್ತು. ಇಲ್ಲಿ ಕೆಳಗ ಏನೈತಿ? ಬಟ್ಟಿ, ಥರ್ಮಾಕೋಲು, ಗಾಳಿ!"

"ಲಕ್ಷಾಂತರ ಜನ ಬಂದು ಹೋಗಿದಾರಲ್ರೀ!"

"ನೆಲದ ಮ್ಯಾಲ ನಡದು ಹೋಗ್ಯಾರ! ಒಬ್ಬರರ ಮ್ಯಾಲ ಕುಂತಾರೇನು? ಇದು ನೋಡಾಕ ಮಾಡಿದ್ದು. ಹತ್ರಿ, ನೀವಽ ಮೊದಲ ಹತ್ರಿ!"

ಶ್ಯಾಮಸುಂದರ ಹತ್ತಿದ. ಮೂರನೆಯ ಮೆಟ್ಟಿಲಲ್ಲಿ ಬಿದಿರು ಕಿರ್ರೆಂದಿತು. ಅವಸರವಾಗಿ ಇಳಿದು ಮುಖ ಒರೆಸಿಕೊಂಡ. "ಸರಿ, ಕೆಳಗಿನ ಎರಡು ಸಾಲಲ್ಲಷ್ಟೇ ಕೂರಿಸೋಣ. ಫೋಟೋಗೆ ಸಾಕು."

"ಅಪ್ಪಾ, ಪ್ಲೀಸ್," ಇಂಚರಳ ಕಣ್ಣು ತುಂಬಿತ್ತು. "ಎಲ್ಲರೂ ನೋಡ್ತಿದಾರೆ. ಎರಡೇ ರೋ ಅಲ್ವಾ?"

ಕಲ್ಲಪ್ಪ ಮಕ್ಕಳನ್ನೆಲ್ಲ ದೂರ ಸರಿಸಿ, ಜೇಬಿನಿಂದ ಚಾಕು ತೆಗೆದು ಕೆಳಸಾಲಿನ ಹಗ್ಗಕ್ಕೆ ಹಿಡಿದ.

"ಕೊಯ್ದರೆ ಸಂಘದಲ್ಲಿ ನಿಮಗೆ ಜಾಗ ಇಲ್ಲ!" ಶ್ಯಾಮಸುಂದರ ಅರಚಿದ. "ಸ್ಥಾಪಕ ಸದಸ್ಯರಾದ್ರೂ ಅಷ್ಟೇ!"

ಕಲ್ಲಪ್ಪನ ಕೈ ಒಂದು ಗಳಿಗೆ ತಡೆಯಿತು. ಸಂಘ ಕಟ್ಟಿ ಹತ್ತೊಂಬತ್ತು ವರ್ಷ. ಈ ಊರಲ್ಲಿ ಮನೆ ಬಿಟ್ಟರೆ ಬಾಯಿತುಂಬ ಕನ್ನಡ ಆಡಲು ಅವನಿಗಿದ್ದದ್ದು ಇದೊಂದೇ ಜಾಗ.

ಕೊಯ್ದ.

ಮೊದಲ ಸಾಲು ಕುಸಿಯಿತು. ಅದನ್ನೇ ನೆಚ್ಚಿದ್ದ ಎರಡನೆಯದು, ಮೂರನೆಯದು ದಡದಡನೆ ಹಿಂದೆಯೇ ಬಂದವು. ಧೂಳು ಇಳಿದಾಗ ಹರಿದ ಬಟ್ಟೆಯ ಹಿಂದೆ ನಾಲ್ಕು ಬಿದಿರಿನ ಗಳ ಮಾತ್ರ ಕಂಡವು.

ಇಂಚರ ಅಪ್ಪನ ಕಡೆ ನೋಡದೆ, "ಎಲ್ಲರೂ ಇಲ್ಲೇ, ಕೆಳಗೆ ನಿಂತ್ಕೊಳ್ಳಿ," ಎಂದಳು.

ಕಲ್ಲಪ್ಪ ಚಾಕು ಮಡಚಿ, ಹತ್ತಿರದ ಕಮಾನಿನಿಂದ ಹೊರಬಿದ್ದ. ಬೆನ್ನ ಹಿಂದೆ ಹಾಡು ಶುರುವಾಯಿತು. ಅವನು ನಿಲ್ಲಲಿಲ್ಲ. ಆಮೇಲೆಂದೂ ಸಂಘದ ಕಡೆ ತಲೆ ಹಾಕಲಿಲ್ಲ.