ಸೀಳು ಹುಬ್ಬು

ನನ್ನ ಗಂಡನಿಗೆ ಯಾವ ಮುಖವನ್ನೂ ಇದ್ದ ಹಾಗೆ ಬಿಟ್ಟು ಗೊತ್ತಿಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದವರ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂತು ಒರೆಸಿ ಹಾಕುತ್ತಾರೆ. ಸ್ಟುಡಿಯೋದ ಕನ್ನಡಿಯ ಕೆಳಗೆ ಪೌಡರ್ ಡಬ್ಬಿ, ಬಾಚಣಿಗೆ ಸದಾ ಇರುತ್ತವೆ. ಅದಕ್ಕೇ ನಮ್ಮ ಬೀದಿಯವರು ಇವರಿಗೆ ಪೌಡರಣ್ಣ ಎಂದು ಹೆಸರಿಟ್ಟಿದ್ದಾರೆ. ನಮ್ಮ ಮದುವೆಯ ಫೋಟೋಗಳನ್ನು ತಿದ್ದುವಾಗ ನನ್ನ ಗಲ್ಲದ ಮೇಲಿನ ಮಚ್ಚೆಯನ್ನೂ ಬಿಡಲಿಲ್ಲ ಮಹಾರಾಯರು. ಅದನ್ನು ನೋಡಿದ ನಮ್ಮಮ್ಮ, ಅಳಿಯಂದಿರ ಪಕ್ಕದಲ್ಲಿ ನಿಂತಿರೋ ಹುಡುಗಿ ಯಾರು ಎಂದು ಕೇಳಿದ್ದರು. ಆವತ್ತು ನಾನು ಸೂರು ಹಾರಿಹೋಗುವ ಹಾಗೆ ಜಗಳವಾಡಿದೆ. ಚೆನ್ನಾಗಿ ಕಾಣಲಿ ಎಂದು ಮಾಡಿದೆ ಎಂದರು. ಇವರ ಹತ್ತಿರ ಎಲ್ಲದಕ್ಕೂ ಅದೊಂದೇ ಉತ್ತರ.

ಸ್ಟುಡಿಯೋ ಎದುರಿಗೇ ದೊಡ್ಡಾಸ್ಪತ್ರೆ. ಅದರ ಹಿಂಭಾಗದಲ್ಲಿ ಶವಾಗಾರ. ರಸ್ತೆಯಲ್ಲಿ, ರೈಲಿನಲ್ಲಿ, ಅಂಗಡಿ ಮೆಟ್ಟಿಲ ಮೇಲೆ ಸತ್ತು, ಯಾರೆಂದು ಗೊತ್ತಾಗದವರನ್ನು ಅಲ್ಲಿ ತಂದಿಡುತ್ತಾರೆ. ಅವರ ಫೋಟೋ ತೆಗೆದು ಹೊರಗೋಡೆಯ ಬೋರ್ಡಿಗೆ ಹಾಕಬೇಕು. ಮುಂಚೆ ಅಲ್ಲಿನ ಕಾವಲುಗಾರನೇ ಹೇಗೋ ಒಂದು ತೆಗೆದು ಅಂಟಿಸುತ್ತಿದ್ದ. ಬಾಯಿ ತೆರೆದ, ರಕ್ತ ಮೆತ್ತಿದ ಆ ಮುಖಗಳನ್ನು ಕಂಡು ಜನ ಮುಖ ತಿರುಗಿಸಿಕೊಂಡು ಆಚೆ ದಾಟುತ್ತಿದ್ದರು. ಹುಡುಕಿಕೊಂಡು ಬಂದವರೂ ಪೂರ್ತಿ ನೋಡುತ್ತಿರಲಿಲ್ಲ.

ಆ ಕೆಲಸ ಇವರ ಪಾಲಿಗೆ ಬಂದ ಮೇಲೆ ಬೋರ್ಡಿನ ಕಳೆಯೇ ಬೇರೆಯಾಯಿತು. ಇವರು ಒದ್ದೆ ಬಟ್ಟೆ, ಅದೇ ಬಾಚಣಿಗೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು. ಮುಖ ಒರೆಸಿ, ತಲೆ ಬಾಚಿ, ಗಲ್ಲ ಎತ್ತಿ ಬಾಯಿ ಮುಚ್ಚಿಸಿ, ಆಮೇಲೆ ಕ್ಯಾಮೆರಾ ತೆಗೆಯುತ್ತಿದ್ದರು. ಬದುಕಿದ್ದಾಗ ಯಾರೂ ತಿರುಗಿ ನೋಡದವರು, ಈಗಲಾದರೂ ನಾಲ್ಕು ಜನ ನಿಂತು ನೋಡಲಿ ಎನ್ನುತ್ತಿದ್ದರು. ಜನ ನಿಂತು ನೋಡುತ್ತಲೂ ಇದ್ದರು, ಸುಳ್ಳು ಹೇಳಬಾರದು. ಅಲ್ಲಿಂದ ಬಂದ ಮೇಲೆ ಇವರು ಊಟಕ್ಕೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ನಾನು ಯಾರ ಮೇಲಾದರೂ ರೇಗೇನು, ಆ ಹೊತ್ತಿನಲ್ಲಿ ಇವರ ಮೇಲೆ ಮಾತ್ರ ರೇಗುತ್ತಿರಲಿಲ್ಲ.

ಆ ಹೆಂಗಸು ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬೇರೆ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಾಳಂತೆ, ಮುಂಗೈ ತುಂಬ ಸುಟ್ಟ ಕಲೆ. ಪರ್ಸಿನಿಂದ ಒಂದು ಚಿಕ್ಕ ಫೋಟೋ ತೆಗೆದು ಗಾಜಿನ ಮೇಲಿಟ್ಟಳು. ಈಗಷ್ಟೇ ಮೀಸೆ ಚಿಗುರಿದ ಹುಡುಗ. ತಮ್ಮನಂತೆ. ಅಪ್ಪ ಅಮ್ಮ ಇಲ್ಲ, ಎತ್ತಿ ಆಡಿಸಿದವಳೂ ಇವಳೇ, ಬೈದು ಓದಿಸಿದವಳೂ ಇವಳೇ. ಒಂದು ದಿನ ಮಾತಿಗೆ ಮಾತು ಬೆಳೆದು ಮನೆ ಬಿಟ್ಟು ಹೋದವನು ವರ್ಷಗಳಾದರೂ ಪತ್ತೆಯಿಲ್ಲ. ಈ ಊರಲ್ಲಿ ಮೂಟೆ ಹೊರುತ್ತಿದ್ದವನನ್ನು ಯಾರೋ ಕಂಡರೆಂದು ಕೇಳಿ, ಸಿಕ್ಕಾಗಲೆಲ್ಲ ರಜೆ ಹಾಕಿ ಬಂದು ಅಲೆಯುತ್ತಿದ್ದಾಳೆ. ಈ ಫೋಟೋ ದೊಡ್ಡದು ಮಾಡಿಕೊಟ್ಟರೆ ಬಸ್ ನಿಲ್ದಾಣದಲ್ಲಿ ಅಂಟಿಸುತ್ತೇನೆ ಎಂದಳು.

ಇವರು ಫೋಟೋ ಎತ್ತಿಕೊಂಡು ಬೆಳಕಿಗೆ ಹಿಡಿದರು. ಎಡಹುಬ್ಬಿನ ನಡುವೆ ಸೀಳಿದ ಗಾಯ, ಅಲ್ಲಿ ಕೂದಲು ಬೆಳೆದಿರಲಿಲ್ಲ.

"ಅಣ್ಣಾ, ಆ ಗಾಯ ಮಾತ್ರ ಅಳಿಸಬೇಡಿ," ಎಂದಳು. "ಮುಖ ಬದಲಾಗಿರುತ್ತೆ. ಗಡ್ಡ ಬಂದಿರುತ್ತೆ, ಸೊರಗಿರ್ತಾನೆ. ನಾನು ಹುಡುಕ್ತಿರೋದೇ ಆ ಹುಬ್ಬನ್ನ."

ಇವರು ಫೋಟೋ ಹಿಡಿದುಕೊಂಡು ಒಳಕೋಣೆಗೆ ಹೋದವರು ಹೊರಗೆ ಬರಲೇ ಇಲ್ಲ. ಅವಳಿಗೆ ನೀರು ಕೊಟ್ಟು ಕೂರಿಸಿ ನಾನು ಒಳಗೆ ಹೋದೆ. ಕಂಪ್ಯೂಟರ್ ಕೂಡ ಹಾಕದೆ ಕುರ್ಚಿಯಲ್ಲಿ ಕೂತಿದ್ದರು.

"ಇವನ ಫೋಟೋ ನಾನು ತೆಗೆದಿದ್ದೀನಿ," ಎಂದರು. "ಬೋರ್ಡಲ್ಲೇ ಇದೆ. ಹುಬ್ಬು ತುಂಬಿಬಿಟ್ಟೆ ಕಣೇ."

ನನಗೆ ಮೈಯೆಲ್ಲ ಉರಿದುಹೋಯಿತು. ಹುಬ್ಬೊಂದೇ ಅಲ್ಲವಂತೆ. ಬತ್ತಿದ ಕೆನ್ನೆಯನ್ನೂ ಒಂಚೂರು ತುಂಬಿದ್ದರಂತೆ, ಹಸಿದವನ ಹಾಗೆ ಕಾಣಬಾರದು ಎಂದು. ಅವನನ್ನು ಆಸ್ಪತ್ರೆಯವರು ಮಣ್ಣು ಮಾಡಿಯೂ ಆಗಿತ್ತು. ಇಷ್ಟನ್ನು ಹೇಳಿ ಇವರು ನನ್ನ ಕೈ ಹಿಡಿದುಕೊಂಡು, ಹೇಳುವುದು ಬೇಡ ಎಂದರು. ಎಲ್ಲೋ ಇದ್ದಾನೆ ಅಂದುಕೊಂಡಿರಲಿ, ಆ ಆಸೆಯನ್ನಾದರೂ ಯಾಕೆ ಕಿತ್ತುಕೊಳ್ಳಬೇಕು ಎಂದರು.

ಕೈ ಕೊಡವಿಕೊಂಡೆ. "ಅದು ಆಸೆ ಅಲ್ಲ, ಅಲೆದಾಟ. ಇನ್ನೆಷ್ಟು ವರ್ಷ ಆ ಸುಟ್ಟ ಕೈಲಿ ಗೋಡೆಗೋಡೆಗೆ ಅಂಟಿಸ್ಕೊಂಡು ತಿರುಗಬೇಕು ಅವಳು? ನೀವು ತೋರಿಸ್ತೀರೋ, ನಾನೇ ತೋರಿಸ್ಲೋ?"

ಇವರು ಕಂಪ್ಯೂಟರ್ ಹಾಕಿದರು. ತಿದ್ದುವ ಮೊದಲಿನ ಫೋಟೋಗಳನ್ನು ಇವರು ಎಂದೂ ಅಳಿಸುವುದಿಲ್ಲ. ನಾನು ಅವಳನ್ನು ಒಳಗೆ ಕರೆದು, ಹೆಗಲ ಮೇಲೆ ಕೈಯಿಟ್ಟುಕೊಂಡೇ ಕೂರಿಸಿದೆ. ಮನಸ್ಸು ಗಟ್ಟಿ ಮಾಡಿಕೋ ತಂಗಿ ಎಂದೆ.

ಗುಳಿಬಿದ್ದ ಕೆನ್ನೆ, ಕೆದರಿದ ಗಡ್ಡ, ಸೀಳಿದ ಎಡಹುಬ್ಬು. ಅವಳು ಪರದೆಯ ಮೇಲಿನ ಆ ಹುಬ್ಬನ್ನು ಬೆರಳಿನಿಂದ ಮುಟ್ಟಿದಳು.

"ಇದು ನಾನೇ ಮಾಡಿದ ಗಾಯ ಅಕ್ಕಾ. ಸೊಂಟದ ಮೇಲಿಂದ ಬೀಳಿಸಿಬಿಟ್ಟಿದ್ದೆ. ನಾನೂ ಚಿಕ್ಕವಳೇ ಆಗ."

ಎದುರಿನ ಶವಾಗಾರದಲ್ಲಿ ತೆಗೆದದ್ದು, ಮಣ್ಣೂ ಮಾಡಿಯಾಯಿತು ಎಂದು ನಾನೇ ಹೇಳಿದೆ. ಆಮೇಲೆ ಅವಳಿಗೆ ಅನುಮಾನ ಬಂತು. ಆ ಬೋರ್ಡನ್ನು ಪ್ರತಿ ಸಲವೂ ನೋಡಿದ್ದೇನಲ್ಲ, ಅಲ್ಲಿ ಇವನು ಇರಲಿಲ್ಲವಲ್ಲ ಎಂದಳು. ಇವರು ತಾವು ತಿದ್ದಿದ ಫೋಟೋವನ್ನು ಪಕ್ಕದಲ್ಲಿ ತೆರೆದರು. ತುಂಬಿದ ಕೆನ್ನೆ, ಒಪ್ಪವಾಗಿ ಬಾಚಿದ ತಲೆ, ಎರಡೂ ಹುಬ್ಬು ಸರಿಸಮ. ನೆಮ್ಮದಿಯಾಗಿ ಮಲಗಿದ ಯಾರದೋ ಮನೆಯ ಹುಡುಗ.

ಅವಳು ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ ಕಣ್ಣು ಹೊರಳಿಸಿದಳು. ನಾನು ಅಳಿಸಿಬಿಟ್ಟೆ ಕಣಮ್ಮ, ತಪ್ಪಾಯ್ತು ಎಂದು ಇವರು ನೆಲ ನೋಡಿಕೊಂಡು ಹೇಳಿದರು. ಅವಳು ಬೈಯಲಿಲ್ಲ. ನಾನಾಗಿದ್ದರೆ ಕ್ಯಾಮೆರಾ ಎತ್ತಿ ನೆಲಕ್ಕೆ ಬಡಿಯುತ್ತಿದ್ದೆ.

"ಹೋದ ತಿಂಗಳು ನಾನು ಬಂದಾಗ ಇವನು ಅಲ್ಲೇ ಒಳಗೆ ಇದ್ನಾ?" ಎಂದು ಕೇಳಿದಳು.

ಲೆಕ್ಕ ನಾನೇ ಹಾಕಿದೆ. ಎರಡು ತಿಂಗಳ ಕೆಳಗೆ ತಂದಿಟ್ಟವನನ್ನು ಮೊನ್ನೆ ಮೊನ್ನೆಯಷ್ಟೇ ಮಣ್ಣು ಮಾಡಿದ್ದರು.

"ಇದ್ದ," ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇವರು ತಿದ್ದಿದ ಫೋಟೋವನ್ನೇ ದಿಟ್ಟಿಸಿದಳು.

"ಇವನ ಮುಂದೆ ತುಂಬಾ ಹೊತ್ತು ನಿಂತಿದ್ದೆ ಅಕ್ಕಾ. ಯಾರ ಮನೆ ಮಗುನೋ, ಚೆನ್ನಾಗಿ ನೋಡ್ಕೊಂಡಿದ್ದಾರೆ ಪಾಪ ಅಂದ್ಕೊಂಡೆ. ಇವನಕ್ಕ ನನ್ನ ಥರ ಅಲ್ಲ ಅಂದ್ಕೊಂಡು ಮುಂದಕ್ಕೆ ಹೋದೆ."