ಹಸಿರು ಚಾವಣಿಯ ಕೆಳಗೆ ಸಾಲ್ವೆಗ್‌ಳ ಫೋಟೊ

ಹೋದ ಸಲ ಅಚ್ಚಾದ, ಸದಸ್ಯರ ಫೋಟೊಗಳ ಪುಸ್ತಕದಲ್ಲಿ ಇಡೀ ಚರ್ಚಿನವರು ಪೊಲೀಸರ ಕೈಗೆ ಸಿಕ್ಕ ಕಳ್ಳರಂತೆ ಕಂಡಿದ್ದರು. ಎಣ್ಣೆ ಸವರಿದ ಮುಖ, ಕೆಂಪು ಕಣ್ಣು, ಬೆನ್ನ ಹಿಂದೆ ಇದ್ದಿಲಿನಂಥ ನೆರಳು. ಆ ಫೋಟೊಗಳನ್ನು ತೆಗೆದವಳು ಆರ್ಡಿಸ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ ಮಿನ್ನೆಸೋಟದ ಆ ಪುಟ್ಟ ಊರಿನಲ್ಲಿ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅದೊಂದು ಕೆಲಸಕ್ಕೆ. ಈ ಸಲವೂ ಕೆಟ್ಟರೆ ಪಟ್ಟಣದ ಸ್ಟುಡಿಯೋದವರನ್ನು ಕರೆಸುವುದೇ ಸೈ ಎಂದು ಸಮಿತಿಯ ಸಾಲ್ವೆಗ್ ಎಲ್ಲರೆದುರು ಹೇಳಿಬಿಟ್ಟಿದ್ದಳು.

ಚಳಿಗಾಲವಿಡೀ ಆರ್ಡಿಸ್ ಗ್ರಂಥಾಲಯದ ಪುಸ್ತಕ ಹಿಡಿದು ಕಲಿತಳು. ಫ್ಲ್ಯಾಶನ್ನು ಮುಖಕ್ಕೆ ಹೊಡೆಯಬಾರದು, ಚಾವಣಿಗೆ ತಿರುಗಿಸಬೇಕು. ಬೆಳಕು ಅಲ್ಲಿಂದ ಮೆತ್ತಗೆ ಇಳಿದು ಬರುತ್ತದೆ. ಅಡಿಗೆಮನೆಯಲ್ಲಿ ಗಂಡ ಹಾರ್ಲನ್ನನನ್ನು ಕೂರಿಸಿ ನೋಡಿದಳು. ಹತ್ತು ವರ್ಷ ಚಿಕ್ಕವನಾಗಿ ಬಂದ!

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ, ಮನೆಮನೆಯಿಂದ ತಂದ ಪಾತ್ರೆಗಳ ಊಟ. ಎಲ್ಲರಿಗಿಂತ ಮೊದಲು ಸಾಲ್ವೆಗ್ ಬಂದು ಕುರ್ಚಿಯಲ್ಲಿ ಬಿಗಿದು ಕೂತಳು. ಆರ್ಡಿಸ್ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಒತ್ತಿದಳು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಮೂಡಿದ ಸಾಲ್ವೆಗ್ ಉಪ್ಪಿನಕಾಯಿಗೆ ಹಾಕಿದ ಸೌತೆಕಾಯಿಯ ಹಾಗೆ ಹಸಿರಾಗಿದ್ದಳು.

ಸಾಲ್ವೆಗ್ ಕನ್ನಡಕ ಏರಿಸಿಕೊಂಡು ನೋಡಿದಳು. "ಬೇರೆ ಥರ ಇದೆ," ಎಂದಳು.

ಆ ಊರಿನಲ್ಲಿ ಅದಕ್ಕಿಂತ ಕಟುವಾದ ಬೈಗುಳವಿಲ್ಲ. ಆರ್ಡಿಸ್ ತಲೆಯೆತ್ತಿ ನೋಡಿದರೆ ಚಾವಣಿ ಪೂರ್ತಿ ಹಸಿರು, ಅಲ್ಲಿಂದ ಇಳಿದ ಬೆಳಕೂ ಹಸಿರು. ಎರಡು ವರ್ಷದ ಹಿಂದೆ ಅದಕ್ಕೆ ಬಣ್ಣ ಬಳಿದವನು ಹಾರ್ಲನ್. ಅವನು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕುತ್ತಿದ್ದ.

"ರೀ, ಬೇರೆ ಬಣ್ಣ ಸಿಗ್ಲಿಲ್ವಾ ನಿಮ್ಗೆ?"

"ಕೊಟ್ಟಿಗೆ ಬಾಗ್ಲಿಗೆ ತಂದಿದ್ದು ಮಿಕ್ಕಿತ್ತು ಕಣೆ. ಸುಮ್ನೆ ಹಾಳಾಗ್ಬಾರ್ದಲ್ಲ."

"ಹಾಗಾದ್ರೆ ಸ್ಟುಡಿಯೋದವ್ರಿಗೆ ನಾಳೆ ಫೋನ್ ಮಾಡ್ತೀನಿ," ಎಂದು ಸಾಲ್ವೆಗ್ ಎದ್ದಳು.

"ಒಂದ್ನಿಮಿಷ ಕೂತ್ಕೊಳೇ ಮಾರಾಯ್ತಿ!" ಆರ್ಡಿಸಳ ಕಣ್ಣು ಊಟದ ಮೇಜಿನ ಮೇಲಿತ್ತು. ಅದರ ಮೇಲೆ ಉದ್ದಕ್ಕೂ ಹಾಸಿದ ಬಿಳಿ ಕಾಗದ. ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ದನಿ ತೆಗೆದು, "ಎಲ್ರೂ ಅವರವರ ಪಾತ್ರೆ ಎತ್ಕೊಳ್ಳಿ!" ಎಂದಳು.

ಬಿಸಿ ಬಿಸಿ ಆಲೂಗಡ್ಡೆಯ ಪಾತ್ರೆಗಳನ್ನು ಎದೆಗವಚಿಕೊಂಡು, ಪಾದ್ರಿಗಳೂ ಸೇರಿ ಎಲ್ಲರೂ ಎದ್ದು ನಿಂತರು. ಆರ್ಡಿಸ್ ಕಾಗದ ಎಳೆದಳು. ಹಾರ್ಲನ್ ಏಣಿ ಹತ್ತಿ, ಅದನ್ನು ಚಾವಣಿಗೆ ಅಂಟಿಸಿದ.

"ಕುರ್ಚಿ ಈ ಕಡೆ ಎಳ್ಕೊಳೇ. ಅಲ್ಲಿ ಮೇಲೆ ಕಾಗದಕ್ಕೆ ಸಾರಿನ ಕಲೆ ಇದೆ," ಎಂದಳು ಸಾಲ್ವೆಗ್‌ಗೆ.

ಮತ್ತೆ ಫ್ಲ್ಯಾಶ್ ಮಿಂಚಿತು. ಸಾಲ್ವೆಗ್ ಈ ಸಲ ಬಹಳ ಹೊತ್ತು ನೋಡಿದಳು. ಫೋಟೊದಲ್ಲಿ ಅವಳ ಕೆನ್ನೆಗೆ ರಂಗಿತ್ತು, ಕಣ್ಣಲ್ಲಿ ಒಂದಿಷ್ಟು ತುಂಟತನವೂ ಇತ್ತು.

"ಪರವಾಗಿಲ್ಲ," ಎಂದಳು. ಅವಳ ಮದುವೆಯ ದಿನ ಗಂಡನ ಬಗ್ಗೆಯೂ ಅವಳು ಅಷ್ಟೇ ಹೇಳಿದ್ದಂತೆ. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ತೆಗಿಯೇ. ನಾನು ಸತ್ತಾಗ ಪೇಪರ್‌ಗೆ ಕೊಡೋಕೆ."

"ಮತ್ತೆ ಸ್ಟುಡಿಯೋದವ್ರು?"

"ಯಾವ ಸ್ಟುಡಿಯೋದವ್ರು?"

ಪೇಪರ್‌ಗೆ ಕೊಡುವ ಫೋಟೊದ ಮಾತು ಕಿವಿಗೆ ಬಿದ್ದದ್ದೇ ತಡ, ಅರವತ್ತು ದಾಟಿದವರೆಲ್ಲ ಪಾತ್ರೆ ಹಿಡಿದುಕೊಂಡೇ ಸಾಲು ನಿಂತರು. ಒಬ್ಬೊಬ್ಬರಿಗೂ ಎರಡೆರಡು ಬೇಕು: ಪುಸ್ತಕಕ್ಕೊಂದು, ಸಾವಿಗೊಂದು. ಊಟ ತಣ್ಣಗಾಯಿತು.

ಏಣಿ ಮಡಚುತ್ತಿದ್ದ ಹಾರ್ಲನ್ನನಿಗೆ ಸಾಲ್ವೆಗ್ ಹೇಳಿದಳು: "ಮುಂದಿನ ಸಲ ಆರ್ಡಿಸ್ ಫೋಟೊ ತೆಗಿಯೋ ಹೊತ್ಗೆ ಈ ಚಾವಣಿಗೆ ಬಣ್ಣ ಬಳಿದಿಡಪ್ಪ."

"ಅದಕ್ಕೇನಂತೆ," ಎಂದ ಹಾರ್ಲನ್. "ಮನೇಲಿ ಅರ್ಧ ಡಬ್ಬಿ ಹಳದಿ ಹಾಗೇ ಇದೆ."