ಬ್ಯಾಕಪ್ ತೆಗೆಯುವ ಪರವಾನಗಿ

ಸೋಮವಾರ ಬೆಳಿಗ್ಗೆ ಸರ್ವರ್ ಪೆಟ್ಟಿಗೆಯೊಳಗಿಂದ ಕಟಕ್ ಕಟಕ್ ಎಂದು ಸದ್ದು ಬಂದಾಗ ಡಿಸ್ಕ್ ಕೆಡುತ್ತಿದೆ ಎಂದು ರೂಬಿನಾಳಿಗೆ ಗೊತ್ತಾಯಿತು. ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು. ಯರಗುಪ್ಪಿಯ ಬಸುರಿಯರ ತಪಾಸಣೆ ಕೇಂದ್ರದಲ್ಲಿ ಆಕೆ ಮೂರು ವರ್ಷದಿಂದ ಕಂಪ್ಯೂಟರ್ ಆಪರೇಟರ್. ಸುತ್ತಲಿನ ಹಳ್ಳಿಗಳ ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಹೇಳಿದ್ದೆಲ್ಲ ಆ ಪೆಟ್ಟಿಗೆಯಲ್ಲಿತ್ತು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದ ಗುಂಪು ಇರುತ್ತವೆ ನಿಜ. ಆದರೆ ಕಾರ್ಡನ್ನು ಮನೆಯಲ್ಲಿ ಅತ್ತೆ ಓದುತ್ತಾಳೆ, ಮೈದುನ ಓದುತ್ತಾನೆ. ಹಾಗಾಗಿ ಮನೆಯವರ ಕಣ್ಣಿಗೆ ಬೀಳಬಾರದ್ದನ್ನು ಕಾರ್ಡಿಗೆ ಬರೆಯದೆ ಇಲ್ಲಿಯೇ ಟೈಪ್ ಮಾಡುವುದು ರೂಢಿ.

ಅದರ ನಕಲು ಎಲ್ಲಿಯೂ ಇರಲಿಲ್ಲ. ಏಳು ತಿಂಗಳಿಂದ ಇದನ್ನು ಹೇಳಿ ಹೇಳಿ ರೂಬಿನಾಳ ಬಾಯಿ ಸೋತಿತ್ತು. ಹುಬ್ಬಳ್ಳಿಯಲ್ಲಿ ಕೂತು ನಾಲ್ಕಾರು ಕಡೆಯ ಸರ್ವರ್ ನೋಡಿಕೊಳ್ಳುವ ಸುಭಾಸ, ರಾತ್ರಿ ಒಂದಕ್ಕೆ ತಾನಾಗಿ ಬ್ಯಾಕಪ್ ಆಗುವಂತೆ ಇಟ್ಟಿದ್ದ. ಇತ್ತ ಕೇಂದ್ರ ನಡೆಸುವ ಟ್ರಸ್ಟಿನ ಅಧ್ಯಕ್ಷ ಮಡಿವಾಳೆಪ್ಪನವರು, ಈ ಸರ್ವರ್ ಬರುವ ಮೊದಲೇ ಸಿಡಿಲಿಗೆ ಕೇಂದ್ರದ ಟೀವಿ ಸುಟ್ಟಂದಿನಿಂದ, ದಿನಾ ಸಂಜೆ ಐದಕ್ಕೆ ಕೈಯಾರೆ ಮೇನ್ ಸ್ವಿಚ್ ಇಳಿಸಿ, ಬೋರ್ಡಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದರು. ಕರೆಂಟಿಲ್ಲದ ಪೆಟ್ಟಿಗೆ ಯಾವ ಬ್ಯಾಕಪ್ ತೆಗೆದೀತು? ಸ್ವಿಚ್ ಇಳಿಸಬೇಡಿ ಎಂದರೆ ಅಧ್ಯಕ್ಷರು ಆಕಾಶ ತೋರಿಸುತ್ತಿದ್ದರು. ಹೊತ್ತು ಬದಲಿಸಿ ಎಂದರೆ ಸುಭಾಸ, ಹಗಲು ಸಿಸ್ಟಮ್ ನಿಧಾನವಾಗುತ್ತದೆ ಎನ್ನುತ್ತಿದ್ದ. ಊಟದ ಹೊತ್ತಿನಲ್ಲಿ ನಾನೇ ತೆಗೆಯುತ್ತೇನೆ, ಅಷ್ಟಕ್ಕೆ ಪರವಾನಗಿ ಕೊಡಿ ಎಂದು ಸುಭಾಸನಿಗೆ ಮೂರು ಸಲ ಅರ್ಜಿ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ.

ಈಗ ಸುಭಾಸನಿಗೆ ಫೋನ್ ಹಚ್ಚಿದಳು.

“ಸರ್, ಡಿಸ್ಕ್ ಸಪ್ಪಳ ಮಾಡಾಕತ್ತೈತ್ರಿ. ಈಗಿಂದೀಗ ಬ್ಯಾಕಪ್ ತಗೀಬೇಕು. ಅಲ್ಲಿಂದನ ನನ್ನ ಹೆಸರು ಬ್ಯಾಕಪ್ ತಗಿಯೋರ ಗುಂಪಿನ್ಯಾಗ ಹಾಕ್ರಿ. ಎರಡ ನಿಮಿಷದ ಕೆಲಸ.”

“ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಕೊಡಾಂಗಿಲ್ಲ.”

“ನಿಮ್ಮ ಪಾಸ್‌ವರ್ಡ್ ಯಾರ ಕೇಳ್ಯಾರ್ರಿ? ಅಡ್ಮಿನ್ ನೀವ ಇರ್ರಿ. ನನಗ ಬ್ಯಾಕಪ್ ಅಷ್ಟ ಸಾಕು.”

“ಹಂಗಲ್ಲ ರೂಬಿನಾ. ಆ ಪರವಾನಗಿ ಇದ್ದೋರು ಎಲ್ಲಾ ಫೈಲ್ ಓದಬಹುದು. ಪೇಶಂಟ್‌ಗೋಳ ಗುಟ್ಟಿನ ಪ್ರಶ್ನಿ ಅದು.”

“ಅಯ್ಯ, ಆ ಗುಟ್ಟೆಲ್ಲಾ ಕೇಳಿ ಟೈಪ್ ಮಾಡಿದಾಕಿ ನಾನ ಅಲ್ಲೇನ್ರಿ!”

“ಬುಧವಾರ ಬರ್ತೀನಿ,” ಎಂದು ಫೋನ್ ಇಟ್ಟುಬಿಟ್ಟ.

ಮಡಿವಾಳೆಪ್ಪನವರ ಮುಂದೆ ಹೋಗಿ ನಿಂತರೆ, “ಅಂವಾ ಕಲ್ತಾಂವ ಅದಾನವಾ, ಅಂವಗ ಗೊತ್ತಿರತೈತಿ,” ಎಂದರು. ರೂಬಿನಾಳಿಗೆ ಮೈಯೆಲ್ಲ ಉರಿಯಿತು. ಔಷಧದ ಕಪಾಟಿನ ಕೀಲಿ ತನ್ನ ಕೈಯಲ್ಲಿ, ಮುಂಬಾಗಿಲಿನ ಕೀಲಿ ತನ್ನ ಕೈಯಲ್ಲಿ. ನಕಲು ತೆಗೆಯುವ ಒಂದು ಗುಂಡಿಯನ್ನು ಮಾತ್ರ ಒತ್ತುವ ಹಾಗಿಲ್ಲ. ಎಂಥ ಸುಡುಗಾಡು ನ್ಯಾಯ ಇದು!

ನರ್ಸ್ ನೀಲಕ್ಕನನ್ನು ಬಾಜು ಕೂರಿಸಿಕೊಂಡು, ದಿನ ತುಂಬಿದವರಿಂದ ಶುರುಮಾಡಿ, ಪರದೆ ನೋಡುತ್ತ ಒಬ್ಬೊಬ್ಬರದನ್ನೇ ಕೈಯಲ್ಲಿ ಬರೆಯತೊಡಗಿದಳು. ನಲವತ್ತೊಂದು ಹೆಸರು ಮುಗಿಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಬರಲಿಲ್ಲ.

ಬುಧವಾರ ಸುಭಾಸ ಬಂದು ಹೊಸ ಡಿಸ್ಕ್ ಹಾಕಿದ. ಹಳೆಯದರಲ್ಲಿ ಏನೂ ಸಿಗುವುದಿಲ್ಲ ಎಂದ. ಆಮೇಲೆ ಎಲ್ಲರ ಮುಂದೆ ರೂಬಿನಾಳ ಕಡೆ ತಿರುಗಿ, “ಡಿಸ್ಕ್ ಹೋಗೂ ಮೊದಲ ಬ್ಯಾಕಪ್ ನೋಡಿಕೋಬೇಕಿತ್ತು,” ಎಂದ. ಆಕೆ ಮೂರೂ ಅರ್ಜಿಗಳ ನಕಲನ್ನು ಅವನ ಎದುರಿಗೆ ಒಗೆದಳು.

“ಓದ್ರಿ. ಜೋರಾಗಿ ಓದ್ರಿ, ಮಡಿವಾಳೆಪ್ಪ ಕಾಕಾರೂ ಕೇಳಲಿ.”

ಮಡಿವಾಳೆಪ್ಪನವರು ತಲೆ ಕೆರೆದುಕೊಂಡರು. “ಕೊಡಪಾ ಆಕಿಗೆ, ಅದೇನೈತಿ ಅದನ್ನ.” ಸುಭಾಸ ಕೊಟ್ಟ. ಎರಡು ನಿಮಿಷವೂ ಹಿಡಿಯಲಿಲ್ಲ. ರೂಬಿನಾ ಗುಂಡಿ ಒತ್ತಿದಳು. ಬ್ಯಾಕಪ್ ಯಶಸ್ವಿಯಾಯಿತು ಎಂದು ಪರದೆಯಲ್ಲಿ ಕೂಡಲೇ ಬಂತು. ಖಾಲಿ ಡಿಸ್ಕಿನ ನಕಲಿಗೆ ಎಷ್ಟು ಹೊತ್ತು ಬೇಕು?

ಆಮೇಲೆ, ಕೈಬರಹಕ್ಕೆ ಸಿಗದೆ ಉಳಿದ ಹೆಣ್ಣುಮಕ್ಕಳಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮತ್ತೆ ಮೊದಲಿಂದ ಕೇಳಬೇಕಾಯಿತು. ಏಳು ತಿಂಗಳ ಬಸುರಿ ಸೌಂದರ್ಯಾ ಕುರ್ಚಿಯ ತುದಿಯಲ್ಲಿ ಕೂತಳು. ಹೊರಗೆ ಬೆಂಚಿನ ಮೇಲೆ ಅವಳ ಅತ್ತೆ ಇದ್ದಳು.

“ಮೊದಲನೇ ಕೂಸು ಹೊಟ್ಟಿಯಾಗ ಹೆಂಗ ಹೋತಂತ ಅವತ್ತ ಎಲ್ಲಾ ಹೇಳೇನಲ್ಲಕ್ಕಾ,” ಸೌಂದರ್ಯಾ ದನಿ ಇಳಿಸಿದಳು. “ಯಾರು ಒದ್ರು ಅನ್ನೂದೂ ಹೇಳೇನಿ. ಮತ್ತ ಹೇಳಬೇಕೇನು?”

ಒದ್ದವನ ಹೆಸರು ರೂಬಿನಾಳಿಗೆ ನೆನಪಿತ್ತು. ಅದು ಎಷ್ಟನೇ ವಾರ, ರಕ್ತ ಎಷ್ಟು ದಿನ ಹೋಯಿತು, ಯಾವ ಗುಳಿಗೆ ಮೈಗೆ ಒಗ್ಗಲಿಲ್ಲ ಎಂಬುದು ನೆನಪಿರಲಿಲ್ಲ. ಡಾಕ್ಟರಿಗೆ ಬೇಕಾದದ್ದು ಅದೇ. ಬಾಜು ಕೋಣೆಯಲ್ಲಿ ಸುಭಾಸ, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎನ್ನುತ್ತಿದ್ದ.

ರೂಬಿನಾ ಎದ್ದು ಹೋಗಿ ನಡುವಿನ ಬಾಗಿಲನ್ನು ದಢಾರನೆ ಹಾಕಿದಳು. ಬಂದು ಸೌಂದರ್ಯಾಳ ಕೈ ಹಿಡಿದುಕೊಂಡಳು.

“ಹೇಳಬೇಕವಾ,” ಎಂದಳು.